ಅಣ್ಣನ ಬಿಳಿ ಕೋಟುಗಳು

ಮೊದಲ ಸಲ ಬೇಕೆಂದೇ ಹಾಕಿದ್ದೋ, ಮರೆತು ಹಾಕಿದ್ದೋ? ಡಾಕ್ಟರ ಕೋಣೆಯ ಬೆಂಚಿನ ತುದಿಯಲ್ಲಿ ಕೂತು ತಮ್ಮ ಅದನ್ನೇ ಯೋಚಿಸುತ್ತಿದ್ದ. ಆ ದಿನ ದಣಿದು ಬಂದಿದ್ದ. ವಾಷಿಂಗ್ ಮೆಷಿನ್ನಿನೊಳಗೆ ಅಣ್ಣನ ಬಿಳಿ ಕೋಟುಗಳಿದ್ದವು, ಹೋಟೆಲಿನ ಅಡುಗೆಮನೆಯವು. ಅವುಗಳ ಮೇಲೆಯೇ ತನ್ನ ಕೆಲಸದ ಬಟ್ಟೆ ತುರುಕಿದ್ದ. ತುರುಕುವಾಗ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ನೆನಪಿಗೆ ಬರುತ್ತಿಲ್ಲ.

ಎರಡನೆಯ ಸಲದ್ದು ಚೆನ್ನಾಗಿ ನೆನಪಿದೆ.

ಡಾಕ್ಟರು ಅಣ್ಣನ ಮುಂಗೈ ತಿರುಗಿಸಿ ನೋಡಿದರು. ಸಾಸಿವೆ ಕಾಳಿನಂಥ ಕೆಂಪು ಗುಳ್ಳೆಗಳು. ಕತ್ತಿನ ಮಡಿಕೆಯಲ್ಲಿ, ಸೊಂಟದಲ್ಲಿ ಬಟ್ಟೆ ಬಿಗಿಯುವ ಕಡೆ ಇನ್ನೂ ದಟ್ಟ.

"ಸೋಪು ಬದಲಾಯಿಸಿದ್ರಾ? ಹೊಸ ಬಟ್ಟೆ, ಹಾಸಿಗೆ?"

"ಏನೂ ಇಲ್ಲ ಡಾಕ್ಟ್ರೇ."

"ಮನೇಲಿ ಬೇರೆ ಯಾರಿಗಾದ್ರೂ ತುರಿಕೆ?"

"ಇವಳಿಗೆ ಕತ್ತಲ್ಲಿ ಸ್ವಲ್ಪ," ಎಂದು ಅಣ್ಣ ಪಕ್ಕದಲ್ಲಿದ್ದ ಅತ್ತಿಗೆಯನ್ನು ತೋರಿಸಿದ. ಆಮೇಲೆ ಗಲ್ಲ ಎತ್ತಿ ತಮ್ಮನ ಕಡೆ. "ಹಿಂದೆ ನಮ್ಮ ಕಜ್ಜಿರಾಯನಿಗಿತ್ತು. ಅವನ ಆಸ್ತಿ ನಮಗೂ ಪಾಲಾಯ್ತೇನೋ!"

ಎರಡು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಒಂದೇ ಹೋಟೆಲಿನಲ್ಲಿ ಅಡುಗೆಗಿದ್ದರು. ಒಲೆಯ ಶಾಖಕ್ಕೆ ತಮ್ಮನ ಮೈಮೇಲೆ ಬೆವರುಸಾಲೆ ಎದ್ದಿತ್ತು. ಅಣ್ಣನೇ ಮಾಲೀಕರ ಹತ್ತಿರ ಹೋಗಿ, "ಒಡಹುಟ್ಟಿದವನು ಅಂತ ಮುಚ್ಚಿಡಲ್ಲ ಸಾರ್, ಅವನಿಗೆ ಕಜ್ಜಿ," ಎಂದಿದ್ದ. ತಮ್ಮನ ಕೆಲಸ ಅಂದೇ ಹೋಯಿತು. ಅಣ್ಣನ ನಿಯತ್ತು ಮೆಚ್ಚಿ ಮಾಲೀಕರು ಅವನನ್ನೇ ಮುಖ್ಯ ಅಡುಗೆಯವನನ್ನಾಗಿ ಮಾಡಿದರು. ಮನೆಯಲ್ಲಿ ತಮ್ಮನ ತಟ್ಟೆ ಬೇರೆಯಾಯಿತು. ಬೆವರುಸಾಲೆ ವಾರದಲ್ಲಿ ಒಣಗಿತು, ಕಜ್ಜಿರಾಯ ಎಂಬ ಹೆಸರು ಒಣಗಲಿಲ್ಲ. ಅತ್ತಿಗೆಯೊಬ್ಬಳೇ ಅವನ ತಟ್ಟೆಯನ್ನು ತನ್ನದರ ಜೊತೆ ತೊಳೆದಿಡುತ್ತಿದ್ದಳು.

ಆಮೇಲೆ ಅವನಿಗೆ ಸಿಕ್ಕಿದ್ದು ಬಿಸಿಲಿನ ಶಾಖ ತಡೆಯಲು ಕಟ್ಟಡಗಳ ಚಾವಣಿಗೆ ಗ್ಲಾಸ್‌ವೂಲ್ ಹಾಸುವ ಕೆಲಸ. ನೋಡಲು ಹತ್ತಿ, ಎಳೆಎಳೆಯೂ ಗಾಜು. ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ಈ ಬಟ್ಟೆ ಬೇರೆ ಒಗಿ. ಆಮೇಲೆ ಮೆಷಿನ್ನು ಎರಡು ಸಲ ಖಾಲಿ ಓಡಿಸು. ಇಲ್ಲಾಂದ್ರೆ ಮನೆಯವರೆಲ್ಲ ಕೆರ್ಕೊಂಡು ಕುಣೀತಾರೆ. ಮೈಗೆ ಚುಚ್ಚಿದ್ರೆ ಉಜ್ಜಬೇಡ, ನೀರು ಬಿಡು. ಟೇಪು ಅಂಟಿಸಿ ಕಿತ್ತರೆ ಎಳೆ ಬರುತ್ತೆ."

"ನೀವೇನು ಕೆಲಸ ಮಾಡ್ತೀರಿ?" ಡಾಕ್ಟರು ತಮ್ಮನನ್ನು ಕೇಳಿದರು.

"ಕಟ್ಟಡದ ಕೆಲಸ ಸಾರ್."

ಸುಳ್ಳೇನಲ್ಲ.

ಡಾಕ್ಟರು ಕಜ್ಜಿಯ ಮುಲಾಮು ಬರೆದರು. ಕತ್ತಿನಿಂದ ಪಾದದವರೆಗೆ ಮನೆಯವರೆಲ್ಲ ಹಚ್ಚಿಕೊಳ್ಳಬೇಕು, ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆಯಬೇಕು.

"ಒಗೆಯೋದು ನಾನು ನೋಡ್ಕೋತೀನಿ," ಎಂದ ತಮ್ಮ.

ಅಂದಿನಿಂದ ಅತ್ತಿಗೆಯ ಬಟ್ಟೆ, ಹಾಸಿಗೆಯ ಹೊದಿಕೆ, ಮನೆಯಲ್ಲಿ ಉಡುವ ಎಲ್ಲವನ್ನೂ ಬಕೆಟ್ಟಿನಲ್ಲಿ ಕೈಯಿಂದಲೇ ಒಗೆದ. ಬಿಳಿ ಕೋಟುಗಳು ಮಾತ್ರ ಮೆಷಿನ್ನಿಗೆ, ತನ್ನ ಕೆಲಸದ ಬಟ್ಟೆಯ ಜೊತೆ.

ವಾರದಲ್ಲಿ ಅತ್ತಿಗೆಯ ಕತ್ತು ತಿಳಿಯಾಯಿತು. ಅಣ್ಣ ಹೋಟೆಲಿನಲ್ಲಿ ಸೌಟು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಕೆರೆಯುತ್ತ ನಿಂತಿದ್ದನ್ನು ಮಾಲೀಕರೇ ಕಂಡರು. ಗುಣವಾದ ಮೇಲೆ ಬಾ ಎಂದು ಕಳಿಸಿದರು.

"ಅಲ್ಲ ಕಣೋ, ನಂದು ಹೋಯ್ತು, ಇವರದ್ಯಾಕೆ ಹೋಗ್ಲಿಲ್ಲ?" ಎಂದಳು ಅತ್ತಿಗೆ. ಅವಳ ಕಣ್ಣು ಬಕೆಟ್ಟಿನ ಮೇಲಿತ್ತು.

"ಒಬ್ಬೊಬ್ಬರ ಮೈ ಒಂದೊಂದು ಥರ, ಅತ್ತಿಗೆ."

ಮನೆಯಲ್ಲಿ ಕೂತ ಐದಾರು ದಿನಕ್ಕೆ ಅಣ್ಣನ ಗುಳ್ಳೆಗಳೂ ಮಾಯವಾದವು. ಅವನು ಮುಂಗೈ ಸವರಿಕೊಳ್ಳುತ್ತ ಬಂದು ಮೆಷಿನ್ನಿನ ಪಕ್ಕ ನಿಂತ.

"ಒಲೆ ಶಾಖವೇ ಇರಬೇಕು ಕಣೋ. ನಿನಗೆ ಆಗಿದ್ದೂ ಅದೇ." ಬೆರಳಿನಿಂದ ಮೆಷಿನ್ನಿನ ಮುಚ್ಚಳ ತಟ್ಟಿದ. "ಆಗ್ಲೇ ಗೊತ್ತಿತ್ತು ನನಗೆ. ಆ ಜಾಗ ಬೇಕಿತ್ತು, ಅಷ್ಟೇ. ಮನಸ್ಸಲ್ಲಿ ಇಟ್ಕೋಬೇಡ."

ತಮ್ಮ ನಲ್ಲಿ ತಿರುಗಿಸಿದ.

"ನಾಳೆ ಮಾಲೀಕರಿಗೆ ಮೈ ತೋರಿಸ್ಬೇಕು. ನಾಳೆಯೂ ಕೆರ್ಕೊಂಡು ನಿಂತ್ರೆ ಬೇರೆಯವನನ್ನ ಇಟ್ಕೋತಾರೆ. ಒಂದು ಕೋಟು ಒಗೆದಿಡ್ತೀಯಾ?"

"ಕೊಡು."

ಅಣ್ಣ ಒಳಗೆ ಹೋದ. ತಮ್ಮ ಮೆಷಿನ್ನಿನ ಮುಚ್ಚಳ ಎತ್ತಿದ. ತನ್ನ ಕೆಲಸದ ಬಟ್ಟೆ ಒಳಗೇ ಇತ್ತು. ಅದರ ಮೇಲೆ ಕೋಟನ್ನು ಹಾಸಿ ಗುಂಡಿ ಒತ್ತಿದ.

ಆ ಕೋಟನ್ನು ಯಾವುದರ ಜೊತೆ ಒಗೆದೆನೆಂದು ಅವನು ಅಣ್ಣನಿಗೆ ಯಾವತ್ತೂ ಹೇಳಲಿಲ್ಲ.