ಹೊಲಿಗೆ ಮಿಶಿನ್ನಿನ ತೂಕ

"ತಲೆ ಕೆಟ್ಟಿದೆಯೇನೇ ನಿಂಗೆ? ಒಂದು ತಿಂಗಳ ರಜೆಗೆ ಊರಿಗೆ ಹೋಗೋಳಿಗೆ ಹೊಲಿಗೆ ಮಿಶಿನ್ ಯಾಕೆ? ವಿಮಾನದಲ್ಲಿ ಪೈಲಟ್‌ಗೆ ಗುಂಡಿ ಹಾಕಿಕೊಡ್ತೀಯಾ?"

"ಮೊದಲು ಹತ್ತಿ ನಿಲ್ಲಿ. ಆಮೇಲೆ ಕೂಗಿ," ಎಂದಳು ಪೇಂಟರನ ಹೆಂಡತಿ.

ಪೇಂಟರ್ ಹಲ್ಲು ಕಡಿಯುತ್ತ ಸೂಟ್‌ಕೇಸನ್ನು ಎದೆಗವಚಿಕೊಂಡು ತೂಕದ ಯಂತ್ರ ಹತ್ತಿದ. ಪರದೇಶದ ಆ ಒಂಟಿ ಕೋಣೆಯಲ್ಲಿ ಸಾಮಾನು ತೂಗುತ್ತಿದ್ದುದೇ ಹಾಗೆ. ಮೊದಲು ಹೊರೆ ಹೊತ್ತು ನಿಲ್ಲಬೇಕು, ಆಮೇಲೆ ಬರಿಗೈಯಲ್ಲಿ. ಇದರಲ್ಲಿ ಅದನ್ನು ಕಳೆದರೆ ಉಳಿದದ್ದು ಹೊರೆಯ ತೂಕ. ಅವನ ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಮುಳ್ಳನ್ನು ಅವಳೇ ಬಗ್ಗಿ ನೋಡಬೇಕು.

"ಏಳು ಕಿಲೋ ಜಾಸ್ತಿ."

"ಏಳಾ! ಕೌಂಟರಿನಲ್ಲಿ ಅವರು ಕೀಳೋ ದುಡ್ಡಿಗೆ ಹೊಸ ಮಿಶಿನ್ನೇ ಬರುತ್ತೆ. ಮೂಗಿಗಿಂತ ಮೂಗುತಿ ಭಾರ!"

"ಹಾಗಾದ್ರೆ ಬೇರೆಯದು ತೆಗೀತೀನಿ."

ಅವಳು ಕಂಬಳಿ ತೆಗೆದಳು. ಸೋಪು, ಸೆಂಟಿನ ಬಾಟಲಿ ತೆಗೆದಳು.

"ನಮ್ಮಣ್ಣಂಗೆ ಏನು ಹೇಳ್ತೀಯಾ?"

"ನಿಮ್ಮಣ್ಣ ಸೆಂಟಿಲ್ಲದೆ ಸಾಯಲ್ಲ ಬಿಡಿ."

ಕೊನೆಗೆ ತನ್ನ ಸೀರೆಗಳನ್ನೂ ಮಂಚದ ಮೇಲೆ ಎಸೆದಳು. ಚಾದರದಲ್ಲಿ ಸುತ್ತಿದ ಮಿಶಿನ್ ಮಾತ್ರ ಕದಲಲಿಲ್ಲ. ಆಗ ಪೇಂಟರನಿಗೆ ಅರ್ಥವಾಯಿತು. ಇವಳು ರಜೆಗೆ ಹೊರಟವಳಲ್ಲ.

ಊರಲ್ಲಿ ಅವನ ತಂಗಿಯ ಮನೆಯಲ್ಲಿ ಇವರಿಬ್ಬರ ಮಗಳು ಬೆಳೆಯುತ್ತಿದ್ದಳು. ಎಲ್ಲರೂ ಅವಳನ್ನು ಚಿನಕುರುಳಿ ಎನ್ನುತ್ತಿದ್ದರು. ಮಗುವಿನ ವೀಸಾಕ್ಕೆ ಎರಡು ಸಲ ಅರ್ಜಿ ಹಾಕಿದ್ದಾಯಿತು. ಸಂಬಳ ಸಾಲದು ಎಂದರು, ಆಮೇಲೆ ಕೋಣೆ ಸಾಲದು ಎಂದರು. ಈಗ ಅವನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆಂದು ಕಚೇರಿಯಲ್ಲಿ ಕೂತಿತ್ತು. ಹಾಗಾಗಿ ಅವಳೊಬ್ಬಳೇ ಹೊರಟಿದ್ದಳು.

"ಮೂರನೇ ಸಲ ಕೊಟ್ಟೇ ಕೊಡ್ತಾರೆ ಕಣೇ."

"ಅಷ್ಟರಲ್ಲಿ ಅವಳಿಗೆ ಗಂಡು ನೋಡೋ ಕಾಲ ಬಂದಿರುತ್ತೆ. ಮೊನ್ನೆ ಫೋನಲ್ಲಿ ಏನಂದ್ಲು, ಕೇಳಿಸ್ಕೊಂಡ್ರಾ? 'ನೀನು ಕಳಿಸಿದ ಫ್ರಾಕಿನೊಳಗೆ ನನ್ನ ತಲೆಯೇ ಹೋಗಲ್ಲ, ಗೊಂಬೆಗೆ ಹಾಕಿದೀನಿ' ಅಂದ್ಲು." ಅವಳು ಚಾದರವನ್ನು ಇನ್ನಷ್ಟು ಬಿಗಿದಳು. "ಕಂಡೋರಿಗೆಲ್ಲ ಅಳತೆ ತಗೊಂಡು ಹೊಲೀತೀನಿ. ಹೆತ್ತ ಮಗಳಿಗೆ ಮಾತ್ರ ಅಂದಾಜು."

ಪೇಂಟರ್ ತನ್ನ ಸೊಂಟದ ಹತ್ತಿರ ಅಂಗೈ ಹಿಡಿದು ನೋಡಿದ. ಮಗಳ ತಲೆ ಈಗ ತನ್ನ ಎಲ್ಲಿಗೆ ಬರಬಹುದು, ಸೊಂಟಕ್ಕೋ ಎದೆಗೋ? ಅವನಿಗೂ ಗೊತ್ತಿರಲಿಲ್ಲ.

"ಸ್ವಲ್ಪ ಇದರ ಮೇಲೆ ಕೂತ್ಕೊಳ್ಳಿ," ಎಂದಳು.

ಅವನು ಸೂಟ್‌ಕೇಸಿನ ಮೇಲೆ ಕೂತ. ಅವಳು ಜಿಪ್ಪು ಎಳೆದಳು.

"ಹೊಟ್ಟೆ ಒಂದು ಕೆಲಸಕ್ಕೆ ಬಂತು," ಎಂದ. ಅವಳು ನಕ್ಕಳು, ಕಣ್ಣೊರೆಸಿಕೊಂಡಳು.

ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಸೂಟ್‌ಕೇಸ್ ಅವನೇ ಇಳಿಸಿಕೊಟ್ಟ. ಅವಳ ಕೈಚೀಲ ತರಲು ಮೇಲೆ ಬಂದಾಗ ಮೇಜಿನ ಮೇಲಿದ್ದ ಕತ್ತರಿಯ ಕೆಳಗೆ ಅವಳ ಮರುಪ್ರವೇಶದ ಪರವಾನಗಿ ಕಂಡಿತು. ಅದಿಲ್ಲದೆ ಈ ದೇಶದೊಳಗೆ ಮತ್ತೆ ಬಿಡುವುದಿಲ್ಲ. ಅದಕ್ಕಾಗಿ ಅವನು ಬಿಸಿಲಲ್ಲಿ ಸಾಲು ನಿಂತಿದ್ದ.

ಏದುಸಿರು ಬಿಡುತ್ತ ಇಳಿದು ಕೈಚೀಲದ ಜೊತೆ ಆ ಕಾಗದವನ್ನೂ ಟ್ಯಾಕ್ಸಿಯ ಕಿಟಕಿಯೊಳಗೆ ಹಿಡಿದ. "ಇದನ್ನ ಮರೆತೆಯಲ್ಲೇ!"

ಅವಳು ಕೈಚೀಲ ತೆಗೆದುಕೊಂಡಳು. ಕಾಗದದ ಮೇಲೆ ಅವನ ಬೆರಳುಗಳನ್ನು ಮಡಚಿದಳು.

"ಇಲ್ಲೇ ಇರಲಿ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ನೀವೇ ಬನ್ನಿ. ಡಬ್ಬಿಯಲ್ಲಿ ಅನ್ನ ಇದೆ."

ಟ್ಯಾಕ್ಸಿ ಹೊರಟಿತು. ಬೀದಿಯ ಕೊನೆಯಲ್ಲಿ ನಿಂತಿತು. ಪೇಂಟರ್ ಕಾಗದ ಎತ್ತಿ ಹಿಡಿದುಕೊಂಡು ಓಡಿದ. ಅಲ್ಲಿ ಕೆಂಪು ದೀಪವಿತ್ತು, ಅಷ್ಟೆ. ಅದು ಹಸಿರಾಯಿತು.