ತೊಳೆದ ಗುಂಡು

ಶರತ್ಕಾಲ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್ನಿನ ಆ ಸಣ್ಣ ಊರಿನ ಗಂಡಸರೆಲ್ಲ ಶಿಕಾರಿಯ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಿದ್ದರು. ಊರಲ್ಲಿ ಉಳಿಯುತ್ತಿದ್ದ ಒಬ್ಬನೇ ಒಬ್ಬ ಗಂಡಸು ಮೈಲೋ ಟ್ವೇಟ್. ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುವ ಮೇಷ್ಟ್ರು. ಶಿಕಾರಿಯ ಮೊದಲ ದಿನ ಆತ ಮನೆಯಲ್ಲಿ ಸೇಬಿನ ಪೈ ಮಾಡಿಕೊಂಡು, ಅಕ್ಕಪಕ್ಕದ ಹೆಂಗಸರಿಗೆ ಕಾಫಿ ಕಾಸಿ ಕೊಟ್ಟು, ಅವರ ಮಾತಿಗೆ ಕಿವಿಯಾಗಿ ಕೂತಿರುತ್ತಿದ್ದ. ಕಾಡಿಗೆ ಹೋಗುತ್ತಿದ್ದವಳು ಅವನ ಹೆಂಡತಿ ಆರ್ಲಿಸ್. ಶಾಲೆಯ ಬಸ್ಸು ಓಡಿಸುವವಳು, ಹುಡುಗಿಯಾಗಿದ್ದಾಗಿನಿಂದ ಕೋವಿ ಹಿಡಿದವಳು. ಅವಳು ಹೊಡೆದು ತಂದದ್ದನ್ನು ಇವನು ಅಡಿಗೆ ಮಾಡುತ್ತಿದ್ದ. ಈ ಏರ್ಪಾಟಿನಲ್ಲಿ ಇಬ್ಬರಿಗೂ ಯಾವ ಕೊರತೆಯೂ ಕಂಡಿರಲಿಲ್ಲ.

ಆರ್ಲಿಸ್‌ಗೆ ಒಂದು ಹಳೆಯ ಆಸೆಯಿತ್ತು. ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ ಮೂಸ್ ಹೊಡೆಯಬೇಕು. ಕುದುರೆಗಿಂತ ಎತ್ತರದ, ಮೊರದಂಥ ಕೊಂಬಿನ ಆ ಕಾಡುಮೃಗದ ಚಿತ್ರ ಅವಳ ಬಸ್ಸಿನ ಕನ್ನಡಿಯ ಪಕ್ಕದಲ್ಲಿ ಅದೆಷ್ಟೋ ವರ್ಷಗಳಿಂದ ಅಂಟಿಕೊಂಡಿತ್ತು. ಅಣ್ಣ ಗಾರ್ವಿನ್ ಜೊತೆ ಹೋಗುವುದೆಂದು ಪ್ರತಿ ವರ್ಷ ಮಾತಾಗುವುದು, ಪ್ರತಿ ವರ್ಷ ಏನಾದರೊಂದು ಅಡ್ಡ ಬರುವುದು. ಈ ವರ್ಷ ಪರವಾನಗಿ ಸಿಕ್ಕಿತು, ಶಿಬಿರ ಗೊತ್ತಾಯಿತು, ವಿಮಾನದ ಟಿಕೆಟ್ಟೂ ಆಯಿತು. ಆಮೇಲೆ ಗಾರ್ವಿನ್ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿಗೆ ಆಪರೇಷನ್ ಮಾಡಿಸಿಕೊಂಡ. ಆರ್ಲಿಸ್ ಆ ಚಿತ್ರವನ್ನು ಕಿತ್ತು ಬಸ್ಸಿನ ಡಬ್ಬಿಯೊಳಗೆ ಹಾಕಿದ್ದನ್ನು ಮೈಲೋ ನೋಡಿದ. ಅಂದು ಸಂಜೆ ಪಾತ್ರೆ ಒರೆಸುತ್ತ, ತಾನು ಬರುತ್ತೇನೆ ಎಂದ.

ಸುದ್ದಿ ಕೇಳಿ ಗಾರ್ವಿನ್ ಮಂಡಿಗೆ ಐಸ್ ಇಟ್ಟುಕೊಂಡೇ ಫೋನ್ ಮಾಡಿದ.

"ಮೇಷ್ಟ್ರೇ, ಮೂಸ್ ಎದುರಿಗೆ ಬಂದ್ರೆ ಏನ್ ಮಾಡ್ತೀರಿ? ತಾಳ ತಪ್ಪಿದೀಯ ಅಂತ ಬೈತೀರಾ?"

ಮೈಲೋ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೋವಿಯ ವಿಚಾರ ತನಗೆ ತಿಳಿಯದಿದ್ದರೂ ನಿಯಮದ ವಿಚಾರ ತಿಳಿಯುತ್ತದೆ ಎಂಬುದು ಅವನ ನಂಬಿಕೆ. ಕೋವಿಯನ್ನು ವಿಮಾನದಲ್ಲಿ ಒಯ್ಯುವ ಬಗ್ಗೆ ಎರಡು ದೇಶಗಳು ಬರೆದಿಟ್ಟದ್ದನ್ನೂ ವಿಮಾನ ಕಂಪನಿ ಬರೆದಿಟ್ಟದ್ದನ್ನೂ ಓದಿ ಬಾಯಿಪಾಠ ಮಾಡಿದ. ಅನುಮಾನ ಬಂದಾಗಲೆಲ್ಲ ಕಂಪನಿಗೆ ಫೋನ್ ಮಾಡಿದ. ಕೊನೆಗೆ ಅಲ್ಲಿಯ ಹುಡುಗಿ ಇವನ ದನಿ ಕೇಳಿದ ಕೂಡಲೇ ಹೆಸರು ಹಿಡಿದು ಮಾತಾಡಿಸುವಂತಾಯಿತು. ತೂಕದ ಮಿತಿ ಮೀರಬಾರದೆಂದು ಗುಂಡಿನ ಪೆಟ್ಟಿಗೆಗಳನ್ನು ಹಿಟ್ಟು ತೂಗುವ ತಕ್ಕಡಿಯಲ್ಲಿಟ್ಟು ತೂಗಿದ. ಕೋವಿಯನ್ನು ಕಸ್ಟಮ್ಸ್ ಕಚೇರಿಗೆ ಒಯ್ದು, ವಾಪಸು ಬರುವಾಗ ಇದು ನಮ್ಮದೇ ಎಂದು ತೋರಿಸಲು ಮುದ್ರೆ ಒತ್ತಿಸಿಕೊಂಡು ಬಂದ. ಕೋವಿಯ ಪೆಟ್ಟಿಗೆಗೆ ತಂದ ಬೀಗ ಸಾಲದೆನಿಸಿ ಇನ್ನಷ್ಟು ದಪ್ಪದ ಬೀಗ ತಂದ. ಆರ್ಲಿಸ್ ಹಲ್ಲುಜ್ಜುತ್ತಿದ್ದರೂ ಬಾಗಿಲಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದ.

"ಪೆಟ್ಟಿಗೆಯಲ್ಲಿಡೋವಾಗ ಕೋವಿಯೊಳಗೆ ಗುಂಡು ಇರಬಾರದಂತೆ," ಎಂದ ಒಂದು ರಾತ್ರಿ.

ಆರ್ಲಿಸ್ ಬಾಯಿ ಮುಕ್ಕಳಿಸಿ, "ಹೌದಾ? ನಾನು ಭರ್ತಿ ಮಾಡಿಯೇ ಇಡೋಣ ಅಂತಿದ್ದೆ. ಒಳ್ಳೇದಾಯ್ತು ನೀನು ಹೇಳಿದ್ದು," ಎಂದಳು.

ವಿಮಾನದೊಳಗೆ ಕೈಯಲ್ಲಿ ಒಯ್ಯಲು ಮೈಲೋ ಆರಿಸಿಕೊಂಡದ್ದು ಹಿತ್ತಿಲ ಬಾಗಿಲ ಮೊಳೆಗೆ ನೇತಾಡುತ್ತಿದ್ದ ಕ್ಯಾನ್ವಾಸ್ ಚೀಲ. ಆರ್ಲಿಸ್ ಕಾಡಿಗೆ ಹೊತ್ತು ಹೋಗುತ್ತಿದ್ದದ್ದು. ಹೊಸದು ತಗೋ ಎಂದು ಅವಳು ಹೇಳಿದರೂ ಕೇಳಲಿಲ್ಲ. ತಲೆಕೆಳಗು ಮಾಡಿ ಕೊಡವಿದಾಗ ಒಣಗಿದ ಎಲೆ, ಒಂಟಿ ಕೈಗವಸು, ಮಿಠಾಯಿಯ ಕಾಗದಗಳು ಉದುರಿದವು. ಮೆಷೀನಿಗೆ ಹಾಕಿ ತೊಳೆದ. ವಾಸನೆ ಹೋಗಲಿಲ್ಲವೆಂದು ಮತ್ತೊಮ್ಮೆ ತೊಳೆದ.

ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಾರಿನಲ್ಲಿ ಅಭ್ಯಾಸ ಮಾಡಿದ್ದ. ಜನರ ನಡುವೆ ಕೋವಿಯ ಮಾತು ಎತ್ತುವಾಗ ದನಿ ತಗ್ಗಿಸಬೇಕೆಂದು ಎಲ್ಲೋ ಓದಿದ್ದ. ಎಷ್ಟು ತಗ್ಗಿಸಿದನೆಂದರೆ ಕೌಂಟರಿನ ಹೆಂಗಸಿಗೆ ತುಟಿ ಅಲುಗಿದ್ದು ಮಾತ್ರ ಕಂಡಿತು. ಎರಡನೆಯ ಸಲವೂ ಕೇಳಲಿಲ್ಲ. ಮೂರನೆಯ ಸಲ ಮೈಲೋ ತರಗತಿಯ ಕೊನೆಯ ಸಾಲಿನ ಡೋಲಿನವನಿಗೆ ಹೇಳುವ ದನಿಯಲ್ಲಿ, "ನಮ್ಮ ಹತ್ರ ಒಂದು ಬಂದೂಕು ಇದೆ" ಎಂದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆರ್ಲಿಸ್ ಚಾವಣಿ ನೋಡಿದಳು.

ಕೌಂಟರಿನ ಹೆಂಗಸಿಗೆ ಅದೇನೂ ವಿಶೇಷವಲ್ಲ. ಶಿಕಾರಿಯ ಕಾಲ, ಬೆಳಗಿನಿಂದ ಇದೇ ಕೆಲಸ ಎಂದಳು. ಪೆಟ್ಟಿಗೆ ತೆಗೆಸಿ, ಕೋವಿ ಖಾಲಿಯಿರುವುದನ್ನು ನೋಡಿ, ಸಹಿ ಹಾಕಿಸಿದ ಚೀಟಿಯನ್ನು ಒಳಗಿಟ್ಟು, ಬೀಗ ಹಾಕಿಸಿದಳು. ಬೀಗದ ಕೈ ಪ್ರಯಾಣಿಕರ ಬಳಿಯೇ ಇರಬೇಕು ಎಂದು ಅವಳು ಹೇಳಹೊರಟ ವಾಕ್ಯವನ್ನು ಮೈಲೋ ತಾನೇ ಮುಗಿಸಿದ. ಪೆಟ್ಟಿಗೆ ಒಳಗೆ ಹೋಯಿತು. ಮೈಲೋನ ಎದೆ ಹಗುರಾಯಿತು. ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತು, ನಿಯಮ ಓದದೆ ಬಂದು ಪೇಚಾಡುವ ಜನರ ಬಗ್ಗೆ ಹೆಂಡತಿಗೆ ವಿವರವಾಗಿ ಹೇಳಿದ.

ಅವನ ಕ್ಯಾನ್ವಾಸ್ ಚೀಲ ಯಂತ್ರದೊಳಗೆ ಹೋಯಿತು. ನಿಂತಿತು. ಹಿಂದಕ್ಕೆ ಬಂತು. ಮತ್ತೆ ಒಳಗೆ ಹೋಯಿತು. ನೀಲಿ ಅಂಗಿಯ ತರುಣಿಯೊಬ್ಬಳು ಇದು ಯಾರ ಚೀಲವೆಂದು ಕೇಳಿ, ಮೈಲೋನನ್ನು ಪಕ್ಕದ ಮೇಜಿಗೆ ಕರೆದಳು. ಕಾಲುಚೀಲ, ಫ್ಲಾಸ್ಕು, ಪದಬಂಧದ ಪುಸ್ತಕ, ಕಾಗದದಲ್ಲಿ ಸುತ್ತಿದ ಚೀಸ್ ಸ್ಯಾಂಡ್‌ವಿಚ್ಚು, ಒಂದೊಂದಾಗಿ ಎಲ್ಲ ಹೊರಗೆ ಬಂದವು. ಚೀಲದ ತಳದ ಅಸ್ತರು ಒಂದು ಕಡೆ ಹರಿದಿತ್ತು. ಅವಳು ಅದರೊಳಗೆ ಬೆರಳು ತೂರಿಸಿ ತೆಗೆದಾಗ, ಬೆರಳ ಸಂದಿಯಲ್ಲಿ ಹಿತ್ತಾಳೆಯ ಗುಂಡೊಂದು ಹೊಸ ಬಂಗಾರದ ಹಾಗೆ ಹೊಳೆಯುತ್ತಿತ್ತು.

ತರುಣಿ ಫೋನಿನಲ್ಲಿ ಯಾರಿಗೋ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ಪೊಲೀಸಿನವನೊಬ್ಬ ನಿಧಾನವಾಗಿ ನಡೆದು ಬಂದ. ದಪ್ಪ ಮೀಸೆಯ, ಹೊಟ್ಟೆ ಬಂದ ಆಳು; ಎದೆಯ ಮೇಲೆ ಕುಬಿಯಾಕ್ ಎಂಬ ಹೆಸರಿತ್ತು. ಗುಂಡನ್ನು ಬೆಳಕಿಗೆ ಹಿಡಿದು ನೋಡಿ, ಯಾರದೆಂದು ಕೇಳಿದ.

ಆರ್ಲಿಸ್ ಇನ್ನೂ ಆಚೆ ಬೆಂಚಿನಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಮೈಲೋ ಒಂದು ಕ್ಷಣದಲ್ಲಿ ಎಷ್ಟೋ ಯೋಚಿಸಿದ. ಗುಂಡು ಅವಳದು ಎಂದರೆ ಅವಳನ್ನು ತಡೆದು ನಿಲ್ಲಿಸಬಹುದು. ಕೋವಿ ಹಿಡಿಯಬಾರದು ಎನ್ನಬಹುದು. ಕೆನಡಾದವರಿಗೆ ಸುದ್ದಿ ಮುಟ್ಟಿಸಬಹುದು. ಬಸ್ಸಿನ ಡಬ್ಬಿಯೊಳಗಿನ ಆ ಚಿತ್ರ ಅಲ್ಲೇ ಕೊಳೆಯಬಹುದು. ತನ್ನದು ಎಂದರೆ ಹೋಗುವುದೇನು? ತಾನು ಇನ್ನು ಮುಂದೆ ಶಿಕಾರಿ ಮಾಡಕೂಡದು ಎಂದು ಸರ್ಕಾರ ಆಜ್ಞೆ ಹೊರಡಿಸಿದರೆ ಪೈ ಮಾಡಿಕೊಂಡು ಇದ್ದರಾಯಿತು.

"ನಂದು," ಎಂದ.

"ಯಾವ ಅಳತೆಯದು ಸರ್?"

ಅಂಗಿ ಅಂಗಡಿಯಲ್ಲಿ ಬಿಟ್ಟರೆ ಈ ಪ್ರಶ್ನೆಯನ್ನು ಅವನಿಗೆ ಬೇರೆಲ್ಲೂ ಯಾರೂ ಕೇಳಿರಲಿಲ್ಲ. "ಮಧ್ಯಮ," ಎಂದ.

ಕುಬಿಯಾಕ್ ಮೀಸೆಯ ತುದಿಯನ್ನು ಹಲ್ಲಿನಿಂದ ಕಚ್ಚಿಕೊಂಡ. "ಸರಿ. ಇದ್ರಲ್ಲಿ ಸಾಮಾನ್ಯವಾಗಿ ಏನ್ ಹೊಡೀತೀರಿ?"

"ಬಾತುಕೋಳಿ."

"ಇದ್ರಲ್ಲಿ ಹೊಡೆದ್ರೆ ಬಾತುಕೋಳಿ ಬೀಳಲ್ಲ ಸರ್. ಪುಕ್ಕ ಮಾತ್ರ ಬೀಳುತ್ತೆ."

ಅಷ್ಟರಲ್ಲಿ ಆರ್ಲಿಸ್ ಒಂದು ಬೂಟಿನ ದಾರ ಬಿಟ್ಟುಕೊಂಡೇ ಮೇಜಿನ ಬಳಿ ಬಂದಳು. ಗುಂಡನ್ನು ನೋಡಿದಳು, ಗಂಡನನ್ನು ನೋಡಿದಳು. "ಅದು ನಂದು, ಆಫೀಸರ್. ಹೋದ ವರ್ಷ ಕಾಡಲ್ಲಿ ಚೀಲದೊಳಗೆ ಬಿದ್ದಿರಬೇಕು. ಇವ್ನು ಹುಟ್ಟಿದಾಗಿನಿಂದ ಒಂದು ನೊಣ ಹೊಡೆದೋನಲ್ಲ."

"ಚೀಲ ನಂದು," ಎಂದ ಮೈಲೋ. "ಆದ್ದರಿಂದ ಗುಂಡೂ ನಂದು."

"ಮೈಲೋ, ಸುಮ್ನಿರು."

"ಇಲ್ಲ, ನಂದೇ."

ಕುಬಿಯಾಕ್ ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದ. "ಈ ಮೇಜಿನ ಹತ್ರ ನಂದಲ್ಲ, ನಂದಲ್ಲ ಅನ್ನೋರನ್ನೇ ನಾನು ನೋಡಿರೋದು. ನಂದು ನಂದು ಅಂತ ಕಿತ್ತಾಡೋರು ನೀವೇ ಮೊದಲು." ಮತ್ತೆ ಗುಂಡನ್ನು ತಿರುಗಿಸಿ ನೋಡಿ, ವರ್ಷವಿಡೀ ಚೀಲದಲ್ಲಿ ಬಿದ್ದದ್ದು ಇಷ್ಟು ಹೊಳೆಯುವುದು ಹೇಗೆ ಎಂದು ಕೇಳಿದ.

ಮೈಲೋ ತಲೆ ತಗ್ಗಿಸಿದ. "ತೊಳೆದಿದೀನಿ. ಎರಡು ಸಲ."

"ಬಿಸಿ ನೀರಲ್ಲಾ?"

"ಉಗುರುಬೆಚ್ಚಗೆ."

ಪೊಲೀಸಿನವನು ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಬೆನ್ನು ಸ್ವಲ್ಪ ಹೊತ್ತು ಅಲುಗುತ್ತಿತ್ತು. ಆಮೇಲೆ ಗಂಭೀರವಾಗಿಯೇ ತಿರುಗಿ, ಇದು ಹುಡುಗಾಟದ ವಿಷಯವಲ್ಲ, ಕಾಡಿಗೆ ಹೋದ ಚೀಲವನ್ನು ವಿಮಾನಕ್ಕೆ ತರಲೇಬಾರದು ಎಂದು ಬುದ್ಧಿ ಹೇಳಿದ. ಹೆಸರು ವಿಳಾಸ ಬರೆದುಕೊಂಡ, ಗುಂಡು ಇಟ್ಟುಕೊಂಡ, ನೋಟಿಸು ಬರಬಹುದು ಎಂದ. ಚಳಿಗಾಲದಲ್ಲಿ ಅದು ಬಂದೂ ಬಂತು, ಬರೀ ಎಚ್ಚರಿಕೆ. ಆದರೆ ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಟೊರಾಂಟೊ ವಿಮಾನದ ಬಾಗಿಲು ಮುಚ್ಚಿತ್ತು. ಹತ್ತಬೇಕಾದವರು ಹತ್ತಲಿಲ್ಲವೆಂದು ಕೋವಿಯ ಪೆಟ್ಟಿಗೆಯನ್ನೂ ಕೆಳಗಿಳಿಸಿದ್ದರು. ಇನ್ನು ಮರುದಿನವೇ ವಿಮಾನ.

ಇಬ್ಬರೂ ಪೆಟ್ಟಿಗೆ ವಾಪಸು ತೆಗೆದುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಮೈಲೋ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚಲೂ ಇಲ್ಲ. ಒಂದು ದಿನದ ಶಿಕಾರಿ ತನ್ನಿಂದ ಹಾಳಾಯಿತು ಎಂಬುದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಆರ್ಲಿಸ್ ಮೊದಲು ತುಟಿ ಬಿಗಿಹಿಡಿದಿದ್ದಳು. ಆಮೇಲೆ ಭುಜ ಕುಣಿಯತೊಡಗಿತು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮಧ್ಯಮ," ಎಂದಳು, ಉಸಿರು ಸಿಕ್ಕಿದ ಮೇಲೆ.

"ನಿನ್ನ ಬಿಡಲ್ಲ ಅಂದ್ಬಿಟ್ರೆ ಅಂತ ಹೆದರಿಕೆಯಾಯ್ತು," ಎಂದ ಮೈಲೋ. "ನೀನು ಬೂಟು ಕಟ್ಟಿಕೊಂಡು ಸುಮ್ನೆ ಹೋಗಬಹುದಿತ್ತು. ನಾನು ಹೇಗೋ ನಿಭಾಯಿಸ್ತಿದ್ದೆ."

"ನಿಭಾಯಿಸ್ತಿದ್ದೆ. ಇನ್ನೊಂದು ಪ್ರಶ್ನೆ ಕೇಳಿದ್ರೆ ಕೋವಿಗೆ ಎಷ್ಟು ತಂತಿ ಅಂತ ಹೇಳ್ತಿದ್ದೆ." ಅವಳು ಸ್ಯಾಂಡ್‌ವಿಚ್ಚು ಬಿಚ್ಚಿ ಅರ್ಧ ಅವನ ಕೈಗಿಟ್ಟಳು. ಸ್ವಲ್ಪ ಹೊತ್ತು ತಿಂದಳು. "ನಾನೊಬ್ಳೇ ಹೋಗಿ ಅಲ್ಲಿ ಏನ್ ಮಾಡ್ಲಿ? ತಿನ್ನು."

ಆಮೇಲೆ ಎದ್ದುಹೋಗಿ ಗಾರ್ವಿನ್‌ಗೆ ಫೋನ್ ಮಾಡಿದಳು. ಅಣ್ಣನ ನಗು ಇಷ್ಟು ದೂರಕ್ಕೂ ಕೇಳುತ್ತಿತ್ತು.

ಮರುದಿನ ಮೈಲೋ ಅಂಗಡಿಯಿಂದ ತಂದ ಹೊಚ್ಚ ಹೊಸ ಚೀಲ ಹಿಡಿದಿದ್ದ. ಟೊರಾಂಟೊದಲ್ಲಿ ಕೋವಿಯನ್ನು ಇಳಿಸಿಕೊಂಡು ಕೆನಡಾದ ಕಸ್ಟಮ್ಸ್‌ನವರಿಗೆ ತೋರಿಸಬೇಕಿತ್ತು. ಅಧಿಕಾರಿ ಪೆಟ್ಟಿಗೆ ನೋಡಿದವನೇ, ಗಂಡಸೆಂದು ಮೈಲೋನ ಕಡೆಗೇ ತಿರುಗಿ, ಎಲ್ಲಿಗೆ, ಏನು ಹೊಡೆಯಲು ಎಂದು ಶುರುಮಾಡಿದ. ಮೈಲೋ ಎರಡೂ ಕೈಯಲ್ಲಿ ಹೆಂಡತಿಯನ್ನು ತೋರಿಸಿ ಒಂದು ಹೆಜ್ಜೆ ಹಿಂದೆ ಸರಿದ. ಆರ್ಲಿಸ್ ಕೋವಿಯ ಮೇಲಿನ ನಂಬರು ತೋರಿಸಿ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಫಾರ್ಮಿಗೆ ಸಹಿ ಹಾಕಿಸಿಕೊಂಡು ಬೀಗ ಹಾಕಿದಳು. ಕೆಲಸ ಕಾಫಿ ಆರುವ ಮೊದಲೇ ಮುಗಿಯಿತು.

ನ್ಯೂಫೌಂಡ್‌ಲ್ಯಾಂಡಿನ ಡೀರ್ ಲೇಕ್‌ನ ಪುಟ್ಟ ವಿಮಾನ ನಿಲ್ದಾಣದಲ್ಲಿ ಶಿಬಿರದ ಗೈಡ್ ಆಂಬ್ರೋಸ್ ಕಾಯುತ್ತಿದ್ದ. ಗಾಳಿಗೆ ಕೆಂಪಾದ ಮುಖದ ಮುದುಕ. ಇವರಿಗಿಂತ ಮೊದಲೇ ಗಾರ್ವಿನ್ ಕಡೆಯಿಂದ ಸುದ್ದಿ ಅಲ್ಲಿಗೆ ತಲುಪಿತ್ತು. ಆತ ಮೈಲೋನ ಕೈ ಕುಲುಕಿ, "ಬಾ ಮಾರಾಯ. ನಮ್ಮಲ್ಲಿ ಸೋಪಿಗೇನೂ ಕಮ್ಮಿಯಿಲ್ಲ," ಎಂದ. ಶಿಬಿರದ ಅಡಿಗೆಯವಳು ಊಟಕ್ಕೆ ಉಪ್ಪುಮೀನು ಬಡಿಸುತ್ತ, ತೊಳೆಯುವ ಗುಂಡಿದ್ದರೆ ಬೆಳಿಗ್ಗೆಯೇ ಕೊಡಿ, ಮಧ್ಯಾಹ್ನ ಬಿಸಿಲಿಗೆ ಒಣಗುತ್ತವೆ ಎಂದಳು. ಎರಡನೆಯ ದಿನಕ್ಕೆ ಮೈಲೋ ತಾನೂ ನಗತೊಡಗಿದ್ದ.

ಮೂರು ದಿನ ಬರೀ ಮಂಜು. ಮೊಣಕಾಲುದ್ದದ ಜೌಗಿನಲ್ಲಿ ನಡೆದದ್ದೇ ಬಂತು. ನಾಲ್ಕನೆಯ ದಿನ ಗಾಳಿ ತಿರುಗಿ ಬಿಸಿಲು ಬಿತ್ತು. ಕೆರೆಯೊಂದರ ದಂಡೆಯ ಕುರುಚಲು ಗಿಡಗಳ ಹಿಂದೆ ಮೂವರೂ ಬಗ್ಗಿ ಕೂತರು. ಗಂಡು ಮೂಸನ್ನು ಕರೆಯಲು ಆಂಬ್ರೋಸ್ ಅಂಗೈ ಬಾಯಿಗೆ ಹಿಡಿದು ಹೆಣ್ಣು ಮೂಸಿನ ಹಾಗೆ ದೀರ್ಘವಾಗಿ ನರಳಿದ. ಬಹಳ ಹೊತ್ತಿನ ಮೇಲೆ ಆಚೆ ದಡದಲ್ಲಿ ಮರಗಳೇ ಸರಿದಂತಾಗಿ ಕೊಂಬು ಕಾಣಿಸಿತು. ಆಮೇಲೆ ಇಡೀ ಮೃಗವೇ ನೀರಂಚಿಗೆ ಇಳಿದು ನಿಂತಿತು.

ಮೈಲೋ ಅದನ್ನು ನೋಡಿದ್ದು ಕಡಿಮೆ. ಅವನು ನೋಡಿದ್ದು ಹೆಂಡತಿಯನ್ನು. ಅವಳು ಕೋವಿಯನ್ನು ಭುಜಕ್ಕೆ ಕೊಟ್ಟು ಕೆನ್ನೆ ಒರಗಿಸಿದಳು. ಬಸ್ಸಿನಲ್ಲಿ ಮಕ್ಕಳನ್ನು ಗದರುವ, ಊಟದ ಮೇಜಿನಲ್ಲಿ ತನ್ನ ಕಾಲೆಳೆಯುವ ಆ ಮುಖದಲ್ಲಿ ಈಗ ಬೇರೇನೂ ಇರಲಿಲ್ಲ. ಗಾಳಿ ನಿಂತ ಕೆರೆಯ ಹಾಗಿತ್ತು. ಉಸಿರು ಒಳಗೆ ಹೋಯಿತು, ಅರ್ಧ ಹೊರಬಂತು, ನಿಂತಿತು. ಅದೇ ಹೊತ್ತಿಗೆ ಮೈಲೋನ ಗಂಟಲಲ್ಲಿ ಕೆಮ್ಮೊಂದು ಎದ್ದಿತು. ಕೈಗವಸನ್ನೇ ಕಚ್ಚಿಹಿಡಿದ. ಕಣ್ಣಲ್ಲಿ ನೀರು ತುಂಬಿತು. ಈಡು ಕೇಳಿಸಿತು. ಮೂಸ್ ನಾಲ್ಕು ಹೆಜ್ಜೆ ನಡೆದು, ಏನನ್ನೋ ಮರೆತಂತೆ ನಿಂತು, ಮಗ್ಗುಲಾಗಿ ಬಿತ್ತು.

ಆರ್ಲಿಸ್ ಕೂಡಲೇ ಏಳಲಿಲ್ಲ. ಕೋವಿಯಿಂದ ಖಾಲಿ ತೋಟಾ ತೆಗೆದು, ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಮೈಲೋಗೆ ಆ ದೊಡ್ಡ ಪ್ರಾಣಿಯ ಬಗ್ಗೆ ಸಂಕಟವೂ ಆಯಿತು, ಹೆಂಡತಿಯ ಬಗ್ಗೆ ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆಗಬಹುದೆಂದು ಅವನಿಗೆ ತಿಳಿದಿರಲಿಲ್ಲ.

ಸುಲಿದು ಕಡಿದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ಆಂಬ್ರೋಸ್ ಮೊದಲ ಹೊರೆ ಹೊತ್ತು ದೋಣಿಯ ಕಡೆ ಮುಂದೆ ಹೋದ. ಮೈಲೋ ಒಂದು ಹಿಂಗಾಲನ್ನು ಬೆನ್ನಿಗೆ ಕಟ್ಟಿಸಿಕೊಂಡು, ಗಟ್ಟಿ ನೆಲವೆಂದು ಕಂಡ ಹಸಿರಿನ ಮೇಲೆ ಕಾಲಿಟ್ಟು ಸೊಂಟದವರೆಗೆ ಹೂತುಹೋದ. ಆರ್ಲಿಸ್ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಪಾಚಿಯ ಮೇಲೆ ಏದುತ್ತ ಬಿದ್ದುಕೊಂಡರು.

"ನಿನ್ನ ಆ ಥರ ನಾನು ಯಾವತ್ತೂ ನೋಡಿರ್ಲಿಲ್ಲ," ಎಂದ ಮೈಲೋ.

"ನೀನು ಯಾವತ್ತೂ ಬಂದಿರ್ಲಿಲ್ಲ."

"ಮುಂದಿನ ವರ್ಷ ಊರ ಕಾಡಿಗೆ ಬರ್ಲಾ? ಏನೂ ಮಾಡಲ್ಲ. ಪಕ್ಕದಲ್ಲಿ ಕೂತಿರ್ತೀನಿ."

ಆರ್ಲಿಸ್ ಅವನ ಗಡ್ಡಕ್ಕೆ ಹತ್ತಿದ್ದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. "ಬಾ. ಬರೋಕೆ ಮುಂಚೆ ಆ ಕೆಮ್ಮಿಗೆ ಔಷಧಿ ತಗೋ. ಇನ್ನೊಂದು ಚೂರು ಹೊತ್ತಾಗಿದ್ರೆ ಮೂಸ್ ಬಿಟ್ಟು ನಿನ್ನನ್ನೇ ಎತ್ತಿಕೊಂಡು ಓಡಬೇಕಾಗ್ತಿತ್ತು, ಮುಖ ಅಷ್ಟು ನೀಲಿಯಾಗಿತ್ತು."

ತಾನು ಕೆಮ್ಮು ನುಂಗಿದ್ದನ್ನು ಅವಳು ಗುರಿಯಿಂದ ಕಣ್ಣು ತೆಗೆಯದೆ ಹೇಗೆ ಕಂಡಳೆಂದು ಮೈಲೋ ಯೋಚಿಸುತ್ತ ಕೂತ. ದೋಣಿಯಿಂದ ಆಂಬ್ರೋಸ್ ಕೂಗುವುದು ಕೇಳಿಸಿತು. ಆರ್ಲಿಸ್ ಎದ್ದು, ಹೊರೆಯ ಪಟ್ಟಿಯನ್ನು ಅವನ ಭುಜಕ್ಕೆ ಸರಿಯಾಗಿ ಕೂರಿಸಿ, ಈ ಸಲ ತನ್ನ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಬಾ ಎಂದು ಹೇಳಿ ಮುಂದೆ ನಡೆದಳು.