ಹಗೇವಿನೊಳಗಿನ ನಲವತ್ತು ಬಾಟಲಿ

೧
ಎಲ್ಲಿಂದ ಶುರು ಮಾಡೋದು? ವೈನ್ ಮೇಳದಿಂದ ಮಾಡಿದರೆ ಕಥೆಗೆ ಬಣ್ಣ ಬರುತ್ತದೆ. ಗಾಜಿನ ಲೋಟಗಳು, ಕೊರಳಿಗೆ ಪಾಸು, ಒಂದು ಗುಟುಕು ಬಾಯೊಳಗೆ ಹೊರಳಿಸಿ ಉಗುಳುವ ಮಂದಿ. ಅವರ ನಡುವೆ ನಿಂಬರ್ಗಾದ ಗುರಣ್ಣ, ಹಣೆ ತುಂಬ ವಿಭೂತಿ, ನೋಟ್‌ಬುಕ್ಕಿನಲ್ಲಿ ‘ಹಸಿ ತೊಗರಿಕಾಯಿ ವಾಸನೆ’ ಎಂದು ಬರೆದುಕೊಳ್ಳುತ್ತಾ.

(ಇಷ್ಟು ಬರೆದು ಗೀಟು ಹೊಡೆದು ಹಾಕಿದೆ. ಆತ ಈಗ ಮೇಳದಲ್ಲಿಲ್ಲ. ನೆಲದೊಳಗಿದ್ದಾನೆ.)

೨
ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಗುರಣ್ಣನ ಹಿತ್ತಲ ಹಗೇವಿನಲ್ಲಿ ಅರ್ಧ ಜೋಳ, ಅದರ ಮೇಲೆ ನಲವತ್ತು ವೈನ್ ಬಾಟಲಿ. ಎಂಟು ವರ್ಷ ಮೇಳದಿಂದ ಮೇಳಕ್ಕೆ ತಿರುಗಿ ಕೂಡಿಸಿದ್ದು. “ನಾ ಕುಡಿಯಾಂವ ಅಲ್ಲ, ಇಡಾಂವ” ಎಂದು ಹೆಂಡತಿ ಶಿವಕಾಂತಾಳಿಗೆ ಸಮಜಾಯಿಷಿ ಬೇರೆ.

ಹಗೇವು ತೆರೆದರೆ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ದೀಪ ಇಳಿಬಿಟ್ಟು ನೋಡಬೇಕು. ಆರಿತೋ, ಒಳಗೆ ಉಸಿರಾಡುವ ಗಾಳಿ ಇಲ್ಲ. ಇದು ಗುರಣ್ಣನಿಗೆ ಗೊತ್ತಿಲ್ಲವೆ? ಗೊತ್ತು. ಆದರೆ ಬಾಯಿ ತೆರೆದಿಟ್ಟರೆ ಬಿಸಿಲ ಝಳ ಒಳಗಿಳಿದು ವೈನ್ ಕೆಡುತ್ತದಲ್ಲ! ಕಲ್ಲು ಸರಿಸಿದವನೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿ ಹೆಂಡತಿಯ ಕೈಗೆ ಕೊಟ್ಟು, ಮೇಳದಿಂದ ತಂದ ಹೊಸ ಬಾಟಲಿ ಹಿಡಿದು ಇಳಿದ.

“ಎರಡ ಸಲ ಜಗ್ಗಿದ್ರ ಆರಾಮ ಅದೀನಿ ಅಂತ ತಿಳ್ಕೋ.”

ಒಂದು ಸಲ ಜಗ್ಗಿದ. ಮತ್ತೆ ಜಗ್ಗಲಿಲ್ಲ.

೩
“ಏನ್ರೀ! ಕೇಳಸ್ತದೇನ್ರಿ?”

ಶಿವಕಾಂತಾ ಹಗ್ಗ ಎಳೆದಳು. ಒಬ್ಬಳ ಕೈಗೆ ಏಳುವ ಆಳಲ್ಲ. ಒದರಿದರೆ ಓಣಿಯೇ ಓಡಿ ಬಂದೀತು; ಬಂದವರ ಕಣ್ಣಿಗೆ ಬಾಟಲಿಯೂ ಬಿದ್ದೀತು. ಸೋಮವಾರ ಮಗಳು ಭಾಗ್ಯಜ್ಯೋತಿಯ ನಿಶ್ಚಯ. ಬೀಗರೋ, ಹೆಂಡ-ಸೆರೆ ಇದ್ದ ಮನೆಯ ನೀರೂ ಮುಟ್ಟದವರು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಆಕೆ ಓಣಿಯ ಕಡೆ ನೋಡಿದಳು.

(ಇಲ್ಲೊಂದು ಚೆಂದದ ಹೋಲಿಕೆ ಹೊಳೆದಿತ್ತು. ಬರೆಯುವಷ್ಟರಲ್ಲಿ ಶಿವಕಾಂತಾ ಕಥೆ ಬರೆಯುವ ಈ ಮುದುಕಿಯ ಮೇಲೇ ತಿರುಗಿಬಿದ್ದಳು.)

“ಆಯಿ, ನೀವು ಹೋಲಿಕಿ ಹುಡುಕಾಕತ್ತೀರಿ, ಕೆಳಗ ಅವರು ಉಸಿರು ಹುಡುಕಾಕತ್ತಾರ!”

“ತಡಿಬೇ, ನನ್ನ ಹತ್ರ ಎರಡು ಎಂಡಿಂಗ್ ಅದಾವ. ಒಂದರಾಗ ಗುರಣ್ಣ ನಕ್ಕೋತ ಮ್ಯಾಲ ಬರ್ತಾನ.”

“ಹೆಂಗ ಬರ್ತಾರ?”

ಅದನ್ನು ನಾನು ಯೋಚಿಸಿರಲಿಲ್ಲ.

“ಇನ್ನೊಂದರಾಗ?”

“ನೀ ಸುಮ್ನ ನಿಲ್ತಿ. ಯಾರಿಗೂ ಬಾಟ್ಲಿ ಕಾಣಂಗಿಲ್ಲ.”

ಆಕೆ ನೋಡಿದ ನೋಟಕ್ಕೆ ಆ ಹಾಳೆ ಹರಿದುಬಿಟ್ಟೆ.

೫
(ಹರಿದದ್ದು ನಾಲ್ಕನೆಯದು.)

“ಮಲ್ಕಮ್ಮಕ್ಕಾ! ಯಾಕೂಬಣ್ಣಾ! ಓಡಿ ಬರ್ರೀ! ನಮ್ಮನಿಯವರು ಹಗೇವಿನ್ಯಾಗ ಬಿದ್ದಾರ್ರೀ!”

ಓಣಿಯ ಮಂದಿ ಬಂದರು. “ಯಾರೂ ಇಳೀಬ್ಯಾಡ್ರಿ!” ಎಂದು ಯಾಕೂಬಸಾಬ ಎಲ್ಲರನ್ನೂ ತಡೆದ. ಪಕ್ಕದ ಮನೆಯ ಮಲ್ಕಮ್ಮ ಮೊಬೈಲ್ ಬೆಳಕು ಒಳಗೆ ಬಿಟ್ಟು ಬೆಚ್ಚಿದಳು.

“ಇವೇನಬೇ, ಇಷ್ಟೊಂದ ಬಾಟ್ಲಿ?”

“ವೈನ್. ನಮ್ಮವೇ. ಮೊದಲ ಹಗ್ಗ ಹಿಡಿ!”

ಆರು ಜನ ಜಗ್ಗುತ್ತಿದ್ದಾರೆ. ಗುರಣ್ಣನ ತಲೆ ಹಗೇವಿನ ಬಾಯಿಗೆ ಬಂದಿದೆ, ಮುಖ ಎದೆಗೆ ಬಾಗಿದೆ. ಅದನ್ನು ಎತ್ತಿ ನೋಡಲು ಶಿವಕಾಂತಾ ಎರಡೂ ಕೈ ಚಾಚಿದ್ದಾಳೆ.

ಓದುಗರೇ, ಆಕೆಗಿಂತ ಮೊದಲು ಆ ಮುಖ ನೋಡುವ ಹಕ್ಕು ನಿಮಗಿಲ್ಲ. ನನಗೂ ಇಲ್ಲ.